ತೊಡೆಯ ಬಿಗಿತಕ್ಕೆ ಬೊಟಾಕ್ಸ್: ಒಂದು ಚುಚ್ಚು ಸಾಲದೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ 6 ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ) ಇದೆ. ಹಿಡಿದು ನಿಲ್ಲಿಸಿದರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ಚಡ್ಡಿ ಹಾಕುವುದೂ ಕಷ್ಟ. ಹೋದ ವರ್ಷ ಒಳತೊಡೆಗೆ ಬೊಟಾಕ್ಸ್ ಕೊಡಿಸಿದೆವು, ಒಂದೊಂದು ಕಾಲಿಗೆ ಒಂದೇ ಚುಚ್ಚು. ಅಂಥ ಫರಕು ಕಾಣಲಿಲ್ಲ. ಈಗ ಬೇರೆ ಡಾಕ್ಟರು ಸ್ಕ್ಯಾನ್ ನೋಡಿಕೊಂಡು ಒಂದು ಕಾಲಿಗೇ ನಾಲ್ಕೈದು ಕಡೆ ಕೊಡಬೇಕು ಅನ್ನುತ್ತಾರೆ. ಔಷಧಿ ಅದೇ ಅಲ್ವಾ? ಮಗುವಿಗೆ ಸುಮ್ನೆ ಜಾಸ್ತಿ ನೋವು ಯಾಕೆ? ಇನ್ನೊಂದು ಸಂಶಯ. ಹೋದ ಸಲ ಹಾಕಿದ್ದಕ್ಕಿಂತ ಈಗ ಹೇಳುವ ಯುನಿಟ್ ಲೆಕ್ಕ ಎಷ್ಟೋ ಹೆಚ್ಚು. ಅಪಾಯ ಇಲ್ಲವೇ?
– ಒಬ್ಬ ತಾಯಿ, ಹಾವೇರಿ

ಉತ್ತರ: ಔಷಧಿ ಅದೇ ಅಮ್ಮಾ. ಆದರೆ ಅದು ಕೆಲಸ ಮಾಡುವ ಜಾಗ ಬಹಳ ಚಿಕ್ಕದು.

ನರದ ತುದಿ ಸ್ನಾಯುವಿನ ಎಳೆಯನ್ನು ಮುಟ್ಟುವಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಸ್ನಾಯು ಬಿಗಿಯಾಗುವುದು ಅದರಿಂದ. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ಅದನ್ನು ಹೊರಬರಲು ಬಿಡುವುದಿಲ್ಲ. ಈ ನರದ ತುದಿಗಳು ಸ್ನಾಯುವಿನ ಉದ್ದಕ್ಕೂ ಸಮನಾಗಿ ಹರಡಿಲ್ಲ. ಹೆಚ್ಚಿನ ಸ್ನಾಯುಗಳಲ್ಲಿ ಎಳೆಗಳ ನಡುಮಧ್ಯೆ ಪಟ್ಟಿಯ ಹಾಗೆ ಗುಂಪಾಗಿರುತ್ತವೆ. 1993ರಲ್ಲಿ ಇಲಿಯ ಕಾಲಿನ ಸ್ನಾಯುವಿನಲ್ಲಿ ಇದನ್ನು ಪರೀಕ್ಷಿಸಿದರು. ಸೂಜಿ ಆ ಪಟ್ಟಿಯಿಂದ ಅರ್ಧ ಸೆಂಟಿಮೀಟರ್ ಆಚೆ ಹೋದರೆ ಪರಿಣಾಮ ಅರ್ಧಕ್ಕೆ ಇಳಿಯಿತು. ಇಲಿಯ ಅಳತೆ ಮಗುವಿಗೆ ಹೊಂದುವುದಿಲ್ಲ, ನಿಜ. ಆದರೂ ಜಾಗ ತಪ್ಪಿದರೆ ಔಷಧಿ ದಂಡ ಅನ್ನುವುದು ಅದರಿಂದ ಚೆನ್ನಾಗಿ ಗೊತ್ತಾಗುತ್ತದೆ.

ಮನುಷ್ಯರಲ್ಲಿ ಈ ಜಾಗಗಳನ್ನು ಹುಡುಕಲು ಸಿಹ್ಲರ್ ವಿಧಾನ ಎಂಬುದೊಂದಿದೆ. ದಾನವಾಗಿ ಬಂದ ದೇಹದ ಸ್ನಾಯುವನ್ನು ರಾಸಾಯನಿಕಗಳಲ್ಲಿ ನೆನೆಸಿ ಗಾಜಿನಂತೆ ಮಾಡುತ್ತಾರೆ. ಬಣ್ಣ ಹಿಡಿಯುವುದು ನರಕ್ಕೆ ಮಾತ್ರ. ಪುಸ್ತಕದಲ್ಲಿಟ್ಟ ಅರಳಿ ಎಲೆ ಒಣಗಿ ಬರೀ ನಾರು ಉಳಿಯುತ್ತದಲ್ಲ, ನೋಡಲು ಹಾಗೇ ಇರುತ್ತದೆ. ದೇಹ ದಾನ ಮಾಡಿದವರ ಋಣ ನಿಮ್ಮ ಮಗನಂಥ ಮಕ್ಕಳ ಮೇಲೂ ಇದೆ ಎಂದು ನನಗೆ ಅನಿಸುತ್ತದೆ.

ಈಗ ಒಳತೊಡೆಗೆ ಬರೋಣ. ಕಾಲುಗಳನ್ನು ಒಳಗೆ ಎಳೆಯುವುದು ಒಂದೇ ಸ್ನಾಯು ಅಲ್ಲ. ಅಡಕ್ಟರ್ ಲಾಂಗಸ್, ಅದರಡಿ ಬ್ರೆವಿಸ್, ಅದರಡಿ ಮ್ಯಾಗ್ನಸ್, ದೋಸೆ ಮೇಲೆ ದೋಸೆ ಇಟ್ಟಂತೆ. ಇವುಗಳ ಮುಖ್ಯ ನರ ಆಬ್ಟ್ಯುರೇಟರ್. ಅದು ಎರಡು ಕವಲಾಗುತ್ತದೆ. ಮುಂದಿನ ಕವಲು ಸಾಮಾನ್ಯವಾಗಿ ಮೊದಲೆರಡು ಪದರಗಳ ನಡುವೆ, ಹಿಂದಿನದು ಕೊನೆಯೆರಡರ ನಡುವೆ ಸಾಗುತ್ತದೆ. ಮ್ಯಾಗ್ನಸ್‌ನ ಹಿಂಭಾಗಕ್ಕೆ ಬರುವುದು ಸಯಾಟಿಕ್ ನರದ ಕವಲು. ಅಲ್ಟ್ರಾಸೌಂಡ್ ಸ್ಕ್ಯಾನ್ ಇಟ್ಟರೆ ಮೂರೂ ಪದರ ಬೇರೆ ಬೇರೆಯಾಗಿ ಕಾಣುತ್ತವೆ, ಪಕ್ಕದ ರಕ್ತನಾಳವೂ ಕಾಣುತ್ತದೆ. ಹೋದ ಸಲದ ಒಂದು ಚುಚ್ಚು ಮೇಲಿನ ಪದರದಲ್ಲೇ ಉಳಿದಿರಬಹುದು.

ಗ್ರ್ಯಾಸಿಲಿಸ್ ಎಂಬ ಇನ್ನೊಂದು ಸ್ನಾಯು ಇದೆ. ತೆಳ್ಳಗೆ, ಉದ್ದಕ್ಕೆ, ಮಂಡಿಯನ್ನೂ ದಾಟಿ ಹೋಗುತ್ತದೆ. ಇದರ ಎಳೆಗಳು ತುದಿಯಿಂದ ತುದಿಗೆ ಒಂದೇ ಆಗಿಲ್ಲ, ತುಂಡು ತುಂಡಾಗಿ ಜೋಡಿಸಿದಂತಿವೆ. ಹಾಗಾಗಿ ನರದ ತುದಿಗಳೂ ಚದುರಿವೆ. ಇದಕ್ಕೆ ಒಂದು ಚುಚ್ಚು ಸಾಲದು. ತೊಡೆಯ ಹಿಂದಿನ ಸೆಮಿಟೆಂಡಿನೋಸಸ್‌ನಲ್ಲಿ ನಡುವೆ ಓರೆಯಾಗಿ ಒಂದು ನಾರಿನ ಗೆರೆ ಹಾದು ಸ್ನಾಯು ಎರಡು ಭಾಗವಾಗುತ್ತದೆ. ಎರಡಕ್ಕೂ ಬೇರೆ ಬೇರೆ ನರದ ಕವಲು. ಅಲ್ಲಿಯೂ ಕಡಿಮೆಯೆಂದರೆ ಎರಡು ಕಡೆ ಬೇಕು.

ಹಾಗಂತ ಎಲ್ಲ ಸ್ನಾಯುವಿಗೂ ಕೊಡಬೇಕಿಲ್ಲ. ಮಗುವನ್ನು ಬೋರಲು ಮಲಗಿಸಿ, ಮಂಡಿ ಮಡಚಿ ಕಾಲುಗಳನ್ನು ಅಗಲಿಸಿ ನೋಡುತ್ತಾರೆ. ಆಮೇಲೆ ಮಂಡಿ ನೀಡಿದಾಗ ಕಾಲುಗಳು ಒಳಗೆ ಬಂದರೆ ಗ್ರ್ಯಾಸಿಲಿಸ್ ಬಿಗಿಯಾಗಿದೆ ಎಂದು ತಿಳಿಯುತ್ತದೆ. ನಿಮ್ಮ ಮಗನಿಗೆ ಈ ಪರೀಕ್ಷೆ ಮಾಡಿದ್ದಾರಾ, ಕೇಳಿ. ಯಾವ ಸ್ನಾಯು ಎಂದು ತೀರ್ಮಾನಿಸದೆ ಸೂಜಿ ಹಿಡಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಫಲ ಸಿಗದಿದ್ದುದಕ್ಕೆ ಜಾಗ ಒಂದೇ ಕಾರಣ ಎಂದೂ ಹೇಳಲಾರೆ. ಸ್ನಾಯುವೇ ಗಿಡ್ಡವಾಗಿ ಗಟ್ಟಿಯಾಗಿದ್ದರೆ, ನಿಧಾನವಾಗಿ ಎಳೆದರೂ ಕಾಲು ಅಗಲವಾಗುವುದಿಲ್ಲ. ಅದಕ್ಕೆ ಟಾಕ್ಸಿನ್ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಸೊಂಟದ ಎಕ್ಸ್‌ರೇ. ಇಂಥ ಮಕ್ಕಳಲ್ಲಿ ಸೊಂಟದ ಕೀಲು ಮೆಲ್ಲಗೆ ಜಾರಬಹುದು. ಇಂಜೆಕ್ಷನ್ ಅದನ್ನು ತಡೆಯುತ್ತದೆ ಎಂದು ನಂಬಿ ಕೂರಬೇಡಿ.

ನೋವಿನ ಬಗ್ಗೆ ನಿಮ್ಮ ಸಂಕಟ ಅರ್ಥವಾಗುತ್ತದೆ. ಮರಗಟ್ಟಿಸುವ ಕ್ರೀಮ್ ಹಚ್ಚಿ ಅಥವಾ ಮಂಪರು ಬರಿಸಿ ಕೊಡಿ ಎಂದು ಕೇಳಲು ಹಿಂಜರಿಯಬೇಡಿ. ಪರಿಣಾಮ ಕೆಲವು ದಿನಗಳಲ್ಲಿ ಶುರುವಾಗಿ ಸುಮಾರು 3 ತಿಂಗಳು ಇರುತ್ತದೆ. ಫಿಜಿಯೋಥೆರಪಿಗೆ ಅದೇ ಒಳ್ಳೆ ಸಮಯ. ಮಗನಿಗೆ ನುಂಗಲು ಅಥವಾ ಉಸಿರಾಡಲು ತೊಂದರೆ ಇದ್ದರೆ ಮೊದಲೇ ಹೇಳಿ. ಇಂಜೆಕ್ಷನ್ ಆದ ಮೇಲೆ ಅಂಥದ್ದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯುನಿಟ್ ಲೆಕ್ಕ: ಒಂದು ಬ್ರಾಂಡಿನ ಯುನಿಟ್ ಇನ್ನೊಂದರ ಯುನಿಟ್‌ಗೆ ಸಮ ಅಲ್ಲ. ಬೊಟಾಕ್ಸ್‌ನ 100 ಬೇರೆ, ಡಿಸ್ಪೋರ್ಟ್ ಎಂಬ ಇನ್ನೊಂದು ಬ್ರಾಂಡಿನ 100 ಬೇರೆ. ಡಿಸ್ಪೋರ್ಟ್‌ನಲ್ಲಿ ಸಂಖ್ಯೆ ದೊಡ್ಡದೇ ಇರುತ್ತದೆ. ಬ್ರಾಂಡ್ ಬದಲಾಗಿದೆಯೇ ಎಂದು ಕೇಳಿ. ಬದಲಾಗದೆ ಲೆಕ್ಕ ಏರಿದ್ದರೆ, ಮಗುವಿನ ತೂಕಕ್ಕೆ ಎಷ್ಟು ಎಂದು ಬಿಡಿಸಿ ಹೇಳಿಸಿಕೊಳ್ಳಿ. ಬ್ರಾಂಡ್, ಸ್ನಾಯುವಿನ ಹೆಸರು, ಪ್ರತಿಯೊಂದಕ್ಕೂ ಎಷ್ಟು ಯುನಿಟ್, ಎಷ್ಟು ಕಡೆ, ಇಷ್ಟನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಯಾವ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಆ ಚೀಟಿಯನ್ನೇ.