ಕ್ಯಾಥೊಲಿಕರಿಗೆ ಕ್ರಿಸ್‌ಮಸ್ ಅಂದರೆ ನಿಜವಾಗಿ ಏನು?

ನಿಮ್ಮ ಪ್ರಶ್ನೆ ಇದು: "ತುಮಕೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕ್ಯಾಥೊಲಿಕ್ ಗೆಳತಿ ಈ ಸಲ ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಕರೆದಿದ್ದಾಳೆ. ಕೇಕ್, ನಕ್ಷತ್ರ, ಕ್ರಿಸ್‌ಮಸ್ ತಾತ ಎಲ್ಲ ಗೊತ್ತು. ಒಳಗಿನ ಅರ್ಥ ಏನು? ನಮ್ಮ ಕೃಷ್ಣ ಜನ್ಮಾಷ್ಟಮಿಯ ಹಾಗೆ ಅವತಾರದ ಹಬ್ಬವಾ? ಹಿಂದೂಗಳು ಹೋದರೆ ಏನಾದರೂ ಅಂದುಕೊಳ್ಳುತ್ತಾರಾ?"

ನಾನೂ ತುಮಕೂರಿನವನೇ, ಹುಟ್ಟಿನಿಂದ ಕ್ಯಾಥೊಲಿಕ್. ಫಾದರ್ ಅಲ್ಲ. ಭಾನುವಾರ ಪೂಜೆ ಆದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಅಷ್ಟೇ. ಅಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಹೋಲಿಸಿದರೆ ನಿಮ್ಮದು ಸುಲಭ.

ಯೇಸುಸ್ವಾಮಿ ಹುಟ್ಟಿದ ದಿನ ಅಂದರೆ ಅರ್ಧ ಉತ್ತರ. ಹುಟ್ಟಿದವರು ಯಾರು ಅನ್ನುವುದೇ ಇಲ್ಲಿ ಮುಖ್ಯ. ಲೋಕವನ್ನು ಸೃಷ್ಟಿಸಿದ ದೇವರೇ ಒಬ್ಬ ತಾಯಿಯ ಹೊಟ್ಟೆಯಲ್ಲಿ ಬೆಳೆದು, ರಕ್ತ ಮಾಂಸದ ಮಗುವಾಗಿ ಹುಟ್ಟಿದರು ಅನ್ನುವುದು ನಮ್ಮ ನಂಬಿಕೆ. ಹುಟ್ಟಿದ ಮೇಲೆ ಆ ಮೈಯನ್ನು ಎಂದೂ ಬಿಟ್ಟು ಹೋಗಲಿಲ್ಲ. ನನ್ನ ಪ್ರಕಾರ ಹಬ್ಬದ ತಿರುಳು ಈ ಕೊನೆಯ ಮಾತಿನಲ್ಲಿದೆ. ನಮ್ಮವರಲ್ಲೇ ಬಹಳ ಜನ ಇದರ ಬಗ್ಗೆ ಯೋಚಿಸಿರುವುದಿಲ್ಲ.

ಜನ್ಮಾಷ್ಟಮಿ ನೆನಪಾಗುವುದು ಸಹಜ. ಕತೆಗಳೂ ಹಾಗೇ ಇವೆ. ಅಲ್ಲಿ ಸೆರೆಮನೆ, ಇಲ್ಲಿ ದನದ ಕೊಟ್ಟಿಗೆ. ಅಲ್ಲಿ ಕಂಸ, ಇಲ್ಲಿ ಹೆರೋದ ಅನ್ನುವ ರಾಜ. ಇಬ್ಬರೂ ಹಸುಗೂಸುಗಳನ್ನು ಕೊಲ್ಲಿಸುತ್ತಾರೆ. ಅಲ್ಲಿ ವಸುದೇವ ರಾತ್ರೋರಾತ್ರಿ ಯಮುನೆ ದಾಟುತ್ತಾನೆ. ಇಲ್ಲಿ ಸಂತ ಜೋಸೆಫರು ತಾಯಿ ಮಗುವನ್ನು ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಡುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ, ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ನಾವು ಮಾಡಿಡುವ ಗೋದಲಿ ನೋಡಲು ಬಂದಾಗಲೆಲ್ಲ "ನಮ್ಮ ಕೃಷ್ಣನ ಹಾಗೇ ಕಣಪ್ಪಾ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಹಬ್ಬದ ದಿನ ಅಜ್ಜಿಗೆ ಪಾಠ ಮಾಡೋಕಾಗುತ್ತಾ? ಆದರೆ ನೀವು ಅರ್ಥವನ್ನೇ ಕೇಳಿದ್ದೀರಿ, ಹಾಗಾಗಿ ವ್ಯತ್ಯಾಸವನ್ನೂ ಹೇಳಬೇಕು.

ಅವತಾರದ ಬಗ್ಗೆ ದ್ವೈತಿಗಳು, ಅದ್ವೈತಿಗಳು ಏನೇನು ಹೇಳುತ್ತಾರೋ ಅದಕ್ಕೆ ನಾನು ಕೈ ಹಾಕುವುದಿಲ್ಲ. ನಮ್ಮ ಸಭೆ, ಅಂದರೆ ಕ್ಯಾಥೊಲಿಕ್ ಚರ್ಚು, ಹೇಳುವುದನ್ನಷ್ಟೇ ಹೇಳುತ್ತೇನೆ. ಮೊದಲನೆಯದು, ಇದು ಒಂದೇ ಸಲ ಆದದ್ದು, ಮತ್ತೆ ಮತ್ತೆ ಆಗುವಂಥದ್ದಲ್ಲ. ಎರಡನೆಯದು, ಯೇಸು ಮನುಷ್ಯನ ಹಾಗೆ ಕಂಡವರಲ್ಲ, ಪೂರ್ತಿ ಮನುಷ್ಯರೇ ಆದವರು. ಅವರಿಗೆ ಹಸಿವಾಗುತ್ತಿತ್ತು. ದೋಣಿಯಲ್ಲಿ ನಿದ್ದೆ ಹೋದರು. ಗೆಳೆಯ ಲಾಜರ ಸತ್ತಾಗ ಅತ್ತರು. ಶಿಲುಬೆಯ ಮೇಲೆ ಬಾಯಾರಿಕೆ ಅಂದರು. ಅದೇ ಹೊತ್ತಿಗೆ ಪೂರ್ತಿ ದೇವರೂ ಹೌದು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಸುಲಭವಾಗಿರಲಿಲ್ಲ. ಆರಿಯುಸ್ ಅನ್ನುವ ಒಬ್ಬ ಗುರು, ಮಗನಾದ ಯೇಸು ತಂದೆಯಾದ ದೇವರಿಗೆ ಸಮನಲ್ಲ, ಅವರೂ ಸೃಷ್ಟಿಯಾದವರೇ ಎಂದು ಬೋಧಿಸಿದರು. 325ರಲ್ಲಿ ನಿಸಿಯಾ ಅನ್ನುವ ಊರಿನಲ್ಲಿ ಬಿಷಪ್ಪರು ಸೇರಿ ಅದನ್ನು ತಳ್ಳಿಹಾಕಿದರು. ನಮ್ಮ ನಂಬಿಕೆ ಇಂಥದ್ದು ಅಂತ ನಾವು ಭಾನುವಾರ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದ ಬೇರು ಅಲ್ಲಿದೆ.

ಇನ್ನು ಮೂರನೆಯದು. ಸತ್ತು ಎದ್ದ ಮೇಲೂ ಯೇಸುವಿನ ಮೈಯಲ್ಲಿ ಗಾಯದ ಗುರುತು ಹಾಗೇ ಇತ್ತು. ನಂಬದೇ ಇದ್ದ ತೋಮಾಸನಿಗೆ ಮುಟ್ಟಿ ನೋಡು ಅಂದರು. ಸ್ವರ್ಗಕ್ಕೆ ಹೋದದ್ದೂ ಆ ಮೈಯಲ್ಲೇ. ಅಂದರೆ ಕ್ಯಾಥೊಲಿಕ್ ನಂಬಿಕೆಯಲ್ಲಿ ದೇವರ ಮಗ ಇವತ್ತಿಗೂ ಮನುಷ್ಯರೇ. ಅವರು ಹುಟ್ಟಿದ ಊರು ಬೆತ್ಲೆಹೇಮಿನಲ್ಲಿ ಶುರುವಾದದ್ದು ಮುಗಿದಿಲ್ಲ.

ಯಾಕೆ ಮನುಷ್ಯರಾದರು? ನಮ್ಮ ಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ ಇದಕ್ಕೆ ನಾಲ್ಕು ಕಾರಣ ಕೊಡುತ್ತದೆ. ನಮ್ಮನ್ನು ಪಾಪದಿಂದ ಬಿಡಿಸಿ ದೇವರ ಜೊತೆ ಒಂದು ಮಾಡಲು, ದೇವರ ಪ್ರೀತಿ ಎಂಥದ್ದು ಅಂತ ತೋರಿಸಲು, ಹೇಗೆ ಬದುಕಬೇಕು ಅನ್ನುವುದಕ್ಕೆ ಮಾದರಿಯಾಗಲು. ಇವು ಮೂರನ್ನೂ ಚರ್ಚಿನ ಯಾವ ಪ್ರವಚನದಲ್ಲಾದರೂ ಕೇಳುತ್ತೀರಿ. ನಾಲ್ಕನೆಯದು ಕೇಳಿದರೆ ಬೆಚ್ಚಿಬೀಳಬೇಕು: ನಮ್ಮನ್ನು ದೇವಸ್ವಭಾವದಲ್ಲಿ ಪಾಲುಗಾರರನ್ನಾಗಿ ಮಾಡಲು. ನಾಲ್ಕನೇ ಶತಮಾನದ ಸಂತ ಅಥನಾಸಿಯುಸರು ಇದನ್ನೇ, ಮನುಷ್ಯ ದೇವರಾಗಲಿ ಎಂದು ದೇವರು ಮನುಷ್ಯರಾದರು, ಎಂದು ಬರೆದರು. ಅಂದರೆ ನಾವು ಸೃಷ್ಟಿಕರ್ತರಾಗುತ್ತೇವೆ ಅಂತಲ್ಲ. ಯೇಸು ಸ್ವಭಾವದಿಂದಲೇ ದೇವರ ಮಗ, ನಾವು ಅವರ ಕೃಪೆಯಿಂದ ಮಕ್ಕಳಾಗುತ್ತೇವೆ ಅಂತ.

ಇದು ಬರೀ ಪುಸ್ತಕದ ಮಾತಲ್ಲ. ರಾತ್ರಿ ಪೂಜೆಗೆ ಹೋದಾಗ ನೀವೇ ಗಮನಿಸಿ. ಕಾಣಿಕೆ ತಂದುಕೊಟ್ಟ ಮೇಲೆ ಫಾದರ್ ಪಾತ್ರೆಗೆ ದ್ರಾಕ್ಷಾರಸ ಹಾಕಿ, ಅದಕ್ಕೆ ಸ್ವಲ್ಪವೇ ಸ್ವಲ್ಪ ನೀರು ಬೆರೆಸುತ್ತಾರೆ. ಆಗ ಮೆಲ್ಲಗೆ ಒಂದು ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ನಮ್ಮ ಮನುಷ್ಯತ್ವದಲ್ಲಿ ಪಾಲುಗೊಂಡ ಕ್ರಿಸ್ತರ ದೈವತ್ವದಲ್ಲಿ ನಾವೂ ಪಾಲುಗೊಳ್ಳುವಂತಾಗಲಿ ಅನ್ನುವುದು ಅದರ ಭಾವ. ಮೊದಲಿಗೆ ಇದು ಕ್ರಿಸ್‌ಮಸ್ಸಿನ ಪ್ರಾರ್ಥನೆಯೇ ಆಗಿತ್ತು. ಈಗ ವರ್ಷದ ಎಲ್ಲಾ ಪೂಜೆಗಳಲ್ಲೂ ಇದೆ. ಪಿಸುಮಾತಿನಲ್ಲಿ ಹೇಳುವುದರಿಂದ ಹಿಂದೆ ಕೂತವರಿಗೆ ಕೇಳಿಸುವುದಿಲ್ಲ. ನನ್ನನ್ನು ಕೇಳಿದರೆ ಹಬ್ಬದ ದಿನವಾದರೂ ಮೈಕಿನಲ್ಲಿ ಹೇಳಬೇಕು.

ಇನ್ನೊಂದು ಗಳಿಗೆ ಇದೆ. ವಿಶ್ವಾಸ ಪ್ರಮಾಣ ಹೇಳುವಾಗ, ಪವಿತ್ರಾತ್ಮರಿಂದ ಕನ್ಯಾ ಮರಿಯಮ್ಮನವರಲ್ಲಿ ಮನುಷ್ಯರಾದರು ಅನ್ನುವ ಸಾಲಿಗೆ ಬೇರೆ ದಿನ ತಲೆ ಬಾಗಿಸುತ್ತೇವೆ. ಕ್ರಿಸ್‌ಮಸ್ಸಿನಲ್ಲಿ ಎಲ್ಲರೂ ಮೊಣಕಾಲೂರುತ್ತೇವೆ. ವರ್ಷದಲ್ಲಿ ಹೀಗೆ ಮಾಡುವುದು ಇನ್ನೊಂದೇ ಹಬ್ಬದಲ್ಲಿ, ಮಾರ್ಚ್ 25ಕ್ಕೆ. ದೇವದೂತ ಬಂದು ಮರಿಯಮ್ಮನವರಿಗೆ ಮಗು ಹುಟ್ಟುವ ಸುದ್ದಿ ಹೇಳಿದ, ಅವರು ಒಪ್ಪಿಕೊಂಡ ದಿನ ಅದು. ಅಲ್ಲಿಂದ ಲೆಕ್ಕ ಹಾಕಿ, ಡಿಸೆಂಬರ್ 25ಕ್ಕೆ ಸರಿಯಾಗಿ ಒಂಬತ್ತು ತಿಂಗಳು. ದೇವರು ಕೂಡ ಒಂಬತ್ತು ತಿಂಗಳು ಕಾದರು. ತಾರೀಕಿನ ಬಗ್ಗೆ ಜಗಳ ಮಾಡುವವರು ಆಮೇಲೆ ಬರುತ್ತಾರೆ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ: ಬೈಬಲ್ಲಿನಲ್ಲಿ ಯೇಸು ಹುಟ್ಟಿದ ತಾರೀಕು ಇಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಡಿಸೆಂಬರ್ 25ಕ್ಕೆ ಆಚರಿಸುತ್ತಿದ್ದದ್ದಕ್ಕೆ ದಾಖಲೆ ಇದೆ. ತಾರೀಕು ಬದಲಾದರೂ ನಂಬಿಕೆ ಬದಲಾಗುವುದಿಲ್ಲ.

ಈಗ ಗೋದಲಿ. ನಿಮಗೆ ಚರ್ಚಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಮನೆಯಲ್ಲೂ ಮಾಡುತ್ತೇವೆ. ಹದಿನೈದು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದರೆ, ಹಬ್ಬದ ಹೊತ್ತಿಗೆ ಹಸಿರು ಹುಲ್ಲುಗಾವಲು ತಯಾರು. ಕೊಟ್ಟಿಗೆಯ ಮಾಡಿಗೆ ರಾಗಿ ಹುಲ್ಲು. ಈಚೆಗೆ ಥರ್ಮಾಕೋಲು, ಮಿಣುಕು ದೀಪ, ಮೋಟಾರು ಇಟ್ಟು ಹರಿಸುವ ಜಲಪಾತ ಜಾಸ್ತಿಯಾಗಿ ಮಗುವನ್ನು ಹುಡುಕಬೇಕಾಗಿದೆ. ಅದು ಬೇರೆ ಮಾತು.

ಮೊದಲ ಗೋದಲಿ ಮಾಡಿಸಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್ ಅಂತ ಹೇಳುವುದು ರೂಢಿ. 1223ರಲ್ಲಿ, ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ. ಅಲ್ಲಿ ಗೊಂಬೆಗಳೇನೂ ಇರಲಿಲ್ಲ. ನಿಜವಾದ ಎತ್ತು, ಕತ್ತೆ, ಹುಲ್ಲು, ಮೇವು ಹಾಕುವ ಒಂದು ತೊಟ್ಟಿ, ಅಷ್ಟೇ. ಮುಖ್ಯ ವಿಷಯ ಏನೆಂದರೆ, ಆ ತೊಟ್ಟಿಯ ಮೇಲೆಯೇ ಗುರುಗಳು ಬಲಿಪೂಜೆ, ಅಂದರೆ ರೊಟ್ಟಿ ದ್ರಾಕ್ಷಾರಸದ ನಮ್ಮ ಪೂಜೆ, ಅರ್ಪಿಸಿದರು. ಎತ್ತು, ಕತ್ತೆ ಶುಭಸಂದೇಶದಲ್ಲಿ, ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗದಲ್ಲಿ, ಇಲ್ಲ. ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಧಣಿಯ ಗೋದಲಿಯನ್ನು ಬಲ್ಲದು, ನನ್ನ ಜನರಿಗೆ ಮಾತ್ರ ತಿಳಿಯದು ಎಂದು ಪ್ರವಾದಿ ಯೆಶಾಯ ಬೇಸರ ಮಾಡಿಕೊಳ್ಳುತ್ತಾರಲ್ಲ, ಅಲ್ಲಿಂದ ಬಂದವು. ಆದರೆ ಗೋದಲಿ, ಅಂದರೆ ಆ ಮೇವಿನ ತೊಟ್ಟಿ, ಮಾತ್ರ ಲೂಕರ ಶುಭಸಂದೇಶದಲ್ಲಿ ಒಂದಲ್ಲ, ಮೂರು ಸಲ ಬರುತ್ತದೆ. ದೇವದೂತರು ಕುರಿ ಕಾಯುವವರಿಗೆ ಕೊಟ್ಟ ಗುರುತೇ ಅದು: ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಮಗು.

ಗೋದಲಿ ಇರುವುದು ಯಾಕೆ? ತಿನ್ನುವುದಕ್ಕೆ. ತೊಟ್ಟಿಲು ಅಲ್ಲ ಅದು, ಮೇವು ಇಡುವ ಜಾಗ. ಅಲ್ಲಿ ಮಲಗಿದ ಮಗುವೇ ಬೆಳೆದು ದೊಡ್ಡವನಾಗಿ, ಸಾಯುವ ಹಿಂದಿನ ರಾತ್ರಿ ರೊಟ್ಟಿ ಹಿಡಿದು, ಇದು ನನ್ನ ಶರೀರ, ತೆಗೆದುಕೊಂಡು ತಿನ್ನಿ ಅಂದರು. ಪೂಜೆಯಲ್ಲಿ ಕೊಡುವ ಆ ರೊಟ್ಟಿ, ಪರಮಪ್ರಸಾದ ಅನ್ನುವುದು, ನಮಗೆ ಬರೀ ನೆನಪಿನ ತುಂಡು ಅಲ್ಲ, ಕ್ರಿಸ್ತರ ಶರೀರವೇ. ಹಾಗಾಗಿ ಆ ರಾತ್ರಿ ಗೋದಲಿಯ ಹತ್ತಿರ ಎಷ್ಟೇ ಜನ ಮೊಬೈಲ್ ಹಿಡಿದು ನಿಂತಿದ್ದರೂ, ಕ್ರಿಸ್‌ಮಸ್ ನಡೆಯುವುದು ಬಲಿಪೀಠದ ಮೇಲೆ. ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ, ಅನ್ನ ಇಡುವುದರಲ್ಲಿ ದೇವರಿದ್ದಾನೆ ಅಂದರೆ ಬೇಗ ಅರ್ಥವಾಗುತ್ತದೆ. ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಇಡುವವರೂ ದೇವರೇ, ಇಟ್ಟ ಊಟವೂ ದೇವರೇ ಅನ್ನುತ್ತೇವೆ.

ಕುರಿ ಕಾಯುವವರ ಬಗ್ಗೆಯೂ ಒಂದು ಮಾತು. ಶಿರಾ, ಪಾವಗಡದ ಕಡೆ ಹೊಲಗಳಲ್ಲಿ ರಾತ್ರಿ ಮಂದೆ ತಂಗಿಸುವುದನ್ನು ನೋಡಿದ್ದೀರಲ್ಲ. ಕಂಬಳಿ ಹೊದ್ದು, ನಾಯಿ ಕಟ್ಟಿಕೊಂಡು, ಚಳಿಯಲ್ಲಿ ಎಚ್ಚರವಾಗಿ ಕೂತಿರುತ್ತಾರೆ. ಅಂಥವರಿಗೆ ಮೊದಲು ಸುದ್ದಿ ಬಂತು. ಅರಮನೆಗೂ ಹೋಗಲಿಲ್ಲ, ಜೆರುಸಲೇಮಿನ ದೇವಾಲಯದ ದೊಡ್ಡ ಗುರುಗಳಿಗೂ ಹೋಗಲಿಲ್ಲ. ದೇವರು ಮೈ ತಳೆದದ್ದು ಬಡವರ ಮನೆಯಲ್ಲಿ, ಊರಲ್ಲಿ ಜಾಗ ಸಿಗದವರ ನಡುವೆ. ಆದ್ದರಿಂದ ಹಸಿದವರ ಮೈ, ಚಳಿಯಲ್ಲಿ ಮಲಗಿದವರ ಮೈ ಕ್ರಿಸ್ತರದೇ ಮೈ ಆಯಿತು. ಹಸಿದಿದ್ದೆ, ಊಟ ಕೊಟ್ಟಿರಿ ಅಂತ ಕೊನೆಯ ತೀರ್ಪಿನ ದಿನ ಅವರೇ ಹೇಳುತ್ತಾರೆ ಎಂದು ಮತ್ತಾಯರ ಶುಭಸಂದೇಶದಲ್ಲಿದೆ. ಇದನ್ನು ಒಪ್ಪಿಕೊಳ್ಳುವುದು ಸುಲಭ, ಮಾಡುವುದು ಕಷ್ಟ. ಹೊಸ ಬಟ್ಟೆಗೆ ಕೊಡುವಷ್ಟು ಗಮನ ನಾವು ಇದಕ್ಕೆ ಕೊಡುವುದಿಲ್ಲ.

ಹಾಗಂತ ಹಬ್ಬದ ಊಟ ತಿಂಡಿ ಆಧ್ಯಾತ್ಮಿಕ ಅಲ್ಲ ಅಂದುಕೊಳ್ಳಬೇಡಿ. ಕಜ್ಜಾಯ, ಕರ್ಜಿಕಾಯಿ, ಬಿರಿಯಾನಿ ಎಲ್ಲ ಇರಲಿ. ಒಂದು ಸಲ ಕ್ರಿಸ್‌ಮಸ್ ಶುಕ್ರವಾರ ಬಂದಿತ್ತಂತೆ. ಶುಕ್ರವಾರ ಮಾಂಸ ತಿನ್ನಬಾರದಲ್ಲ ಎಂದು ಜೊತೆಯ ಒಬ್ಬ ಸನ್ಯಾಸಿ ಹೇಳಿದ್ದಕ್ಕೆ, ಇದೇ ಸಂತ ಫ್ರಾನ್ಸಿಸರು, ಇವತ್ತು ಗೋಡೆಗಳೂ ಮಾಂಸ ತಿನ್ನಬೇಕು, ಆಗದಿದ್ದರೆ ಮೇಲಾದರೂ ಸವರಿ ಅಂದರಂತೆ. ಎತ್ತು ಕತ್ತೆಗಳಿಗೂ ಆ ದಿನ ಜಾಸ್ತಿ ಮೇವು ಹಾಕಬೇಕು ಅನ್ನುವುದು ಅವರ ಆಸೆ. ದೇವರೇ ಮೈ ತಳೆದ ದಿನ ಮೈಯನ್ನು ಉಪವಾಸ ಕೆಡವುವುದು ಅವರಿಗೆ ಸರಿ ಕಾಣಲಿಲ್ಲ.

ಆದರೆ ಹಬ್ಬಕ್ಕೆ ಮುಂಚೆ ಕಾಯುವ ಕಾಲ ಒಂದಿದೆ. ಆಗಮನ ಕಾಲ, ನಾಲ್ಕು ಭಾನುವಾರ. ಫಾದರ್ ನೇರಳೆ ಬಣ್ಣದ ಉಡುಪು ಹಾಕುತ್ತಾರೆ, ವಾರಕ್ಕೊಂದು ಮೇಣದ ಬತ್ತಿ ಹಚ್ಚುತ್ತೇವೆ. ಮೊದಲ ಭಾನುವಾರ ಓದುವುದು ಮಗುವಿನ ಬಗ್ಗೆ ಅಲ್ಲ, ಲೋಕದ ಕೊನೆಯ ಬಗ್ಗೆ, ಕ್ರಿಸ್ತರು ಮತ್ತೆ ಬರುವುದರ ಬಗ್ಗೆ. ಹನ್ನೆರಡನೇ ಶತಮಾನದ ಸಂತ ಬರ್ನಾರ್ಡರು ಮೂರು ಆಗಮನ ಅನ್ನುತ್ತಿದ್ದರು: ಅಂದು ಬೆತ್ಲೆಹೇಮಿಗೆ, ಕೊನೆಗೆ ಮಹಿಮೆಯಲ್ಲಿ, ಈ ನಡುವೆ ಸದ್ದಿಲ್ಲದೆ ಒಬ್ಬೊಬ್ಬರ ಮನಸ್ಸಿಗೆ. ಆ ಮೂರನೆಯದಕ್ಕೇ ಹಬ್ಬದ ಹಿಂದಿನ ವಾರ ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳಲು, ಸಾಲು ನಿಲ್ಲುವುದು. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರು ಆ ವಾರ ಫೋನ್ ಮಾಡುವುದನ್ನು ನಾನು ನೋಡಿದ್ದೇನೆ. ಮಾಡದೇ ಇರುವುದನ್ನೂ ನೋಡಿದ್ದೇನೆ.

ಹಬ್ಬ 25ಕ್ಕೆ ಮುಗಿಯುವುದಿಲ್ಲ. ಮಾರನೆಯ ದಿನವೇ ಕಲ್ಲೆಸೆದು ಕೊಲ್ಲಲ್ಪಟ್ಟ ಸಂತ ಸ್ತೇಫನರ ಹಬ್ಬ. 28ಕ್ಕೆ ಹೆರೋದ ಕೊಲ್ಲಿಸಿದ ಹಸುಗೂಸುಗಳ ಸ್ಮರಣೆ. ಸಿಹಿ ಹಂಚಿ ಮುಗಿಯುವ ಮೊದಲೇ ಫಾದರ್ ಮೈಮೇಲೆ ಹುತಾತ್ಮರ ರಕ್ತದ ಗುರುತಾದ ಕೆಂಪು ಉಡುಪು. ಮೈ ತಳೆದವರು ಆ ಮೈಯನ್ನು ಮುಂದೆ ಶಿಲುಬೆಗೆ ಕೊಡುವವರು ಅನ್ನುವುದನ್ನು ಸಭೆ ಮರೆಯಲು ಬಿಡುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಅತಿ ದೊಡ್ಡ ಹಬ್ಬ ಕ್ರಿಸ್‌ಮಸ್ ಅಲ್ಲ, ಯೇಸು ಸತ್ತು ಎದ್ದ ಹಬ್ಬ ಈಸ್ಟರ್. ಪೇಟೆಗೆ ಅದು ಗೊತ್ತಿಲ್ಲ ಅಷ್ಟೇ. ಕ್ರಿಸ್‌ಮಸ್ ತಾತನಂತೂ ಮೂಲದಲ್ಲಿ ಮೈರಾ ಊರಿನ ಬಿಷಪ್ ಸಂತ ನಿಕೋಲಾಸರು, ಅವರ ಹಬ್ಬ ಡಿಸೆಂಬರ್ 6. ಮಕ್ಕಳಿಗೆ ಚಾಕಲೇಟ್ ಕೊಡುತ್ತಾನೆ, ಇರಲಿ ಬಿಡಿ.

ಕೊನೆಯ ಪ್ರಶ್ನೆ, ಹಿಂದೂಗಳು ಹೋಗಬಹುದಾ. ಧಾರಾಳವಾಗಿ. ಮಗುವನ್ನು ನೋಡಲು ದೂರದಿಂದ ಬಂದ ಜ್ಞಾನಿಗಳು ಯೆಹೂದ್ಯರೇ ಅಲ್ಲ, ನಕ್ಷತ್ರ ನೋಡಿ ಹೊರಟ ಹೊರಗಿನವರು. ಅವರಿಗೆಂದೇ ಜನವರಿ ಮೊದಲಲ್ಲಿ ಒಂದು ಹಬ್ಬ ಇದೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ, ನಮ್ಮ ಚರ್ಚುಗಳಲ್ಲಿ ಆ ರಾತ್ರಿ ಎಲ್ಲರೂ ಇರುತ್ತಾರೆ. ಪೂಜೆ ಎಷ್ಟು ಗಂಟೆಗೆ ಅಂತ ಗೆಳತಿಯನ್ನು ಕೇಳಿಕೊಳ್ಳಿ, ಒಂದೊಂದು ಚರ್ಚಿನಲ್ಲಿ ಒಂದೊಂದು ಸಮಯ. ಸ್ವಲ್ಪ ಬೇಗ ಹೋದರೆ ಕೂರಲು ಜಾಗ ಸಿಗುತ್ತದೆ, ಇಲ್ಲದಿದ್ದರೆ ಅಂಗಳದ ಪೆಂಡಾಲಿನಲ್ಲಿ ಚಳಿ, ಸ್ವೆಟರ್ ಇರಲಿ. ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಮೊಣಕಾಲೂರಲೇಬೇಕು ಅಂತ ಇಲ್ಲ. ಪರಮಪ್ರಸಾದ ಕೊಡುವಾಗ ಮಾತ್ರ ಸಾಲಿಗೆ ಹೋಗಬೇಡಿ, ನಿಮ್ಮ ಜಾಗದಲ್ಲೇ ಕೂತಿರಿ. ಅದು ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಹಂಚುವಂಥದ್ದಲ್ಲ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಪೂಜೆ ಆದ ಮೇಲೆ ಬಾಲಯೇಸುವಿನ ಪಾದ ಮುಟ್ಟಿ ನಮಸ್ಕರಿಸಲು ಜನ ಹೋಗುತ್ತಾರೆ. ಅದಕ್ಕೆ ನೀವೂ ಹೋಗಬಹುದು, ಮಕ್ಕಳಿದ್ದರೆ ಕರೆದುಕೊಂಡು ಹೋಗಿ.