ಬಿ.ಎಸ್ಸಿ ಓದಿದವರು ಮಹಿಳಾ ಅಧ್ಯಯನದಲ್ಲಿ ಎಂ.ಎ ಮಾಡಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಮೂರು ಭಯ ಕಾಣಿಸಿತು. ಪ್ರಾಣಿಶಾಸ್ತ್ರ ಓದಿದವಳಿಗೆ ಈ ವಿಷಯ ಒಗ್ಗುತ್ತದಾ, ಕನ್ನಡ ಮಾಧ್ಯಮದವಳಿಗೆ ಇಂಗ್ಲಿಷ್ ಓದು ದಕ್ಕುತ್ತದಾ, ಆಮೇಲೆ ಕೆಲಸ ಸಿಗುತ್ತದಾ. ನಾನು ಬಿ.ಕಾಂ ಮುಗಿಸಿ ಈ ಎಂ.ಎ ಮಾಡಿದವಳು. ಈಗ ಒಂದು ಸಂಸ್ಥೆಯಲ್ಲಿ ಹಳ್ಳಿ ಸಮೀಕ್ಷೆಗಳ ಕೆಲಸ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲನೆಯದಕ್ಕೆ ಉತ್ತರ: ಒಗ್ಗುತ್ತದೆ. ನಮ್ಮ ದೇಶದಲ್ಲಿ ಈ ಶಾಸ್ತ್ರ ಬೇರು ಬಿಟ್ಟಿದ್ದೇ ಅಂಕಿಸಂಖ್ಯೆಯ ಕಾಲಂಗಳಲ್ಲಿ. ಮಹಿಳೆಯರ ಸ್ಥಿತಿಗತಿ ನೋಡಲು 1971ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 1974ರಲ್ಲಿ ವರದಿ ಕೊಟ್ಟಿತು. ಅದು ಎತ್ತಿ ತೋರಿಸಿದ್ದು ಇದನ್ನು: ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದಿತ್ತು. ಜನಗಣತಿ ಪುಸ್ತಕದಲ್ಲಿ ಎಲ್ಲರ ಕಣ್ಣೆದುರೇ ಇದ್ದ ಲೆಕ್ಕ ಅದು. ಸಮಿತಿಯ ಕಾರ್ಯದರ್ಶಿಯಾಗಿದ್ದ ವೀಣಾ ಮಜುಂದಾರ್ ರಾಜ್ಯಶಾಸ್ತ್ರದವರು. ಅದೇ 1974ರಲ್ಲಿ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಕೇಂದ್ರ ಶುರುವಾಯಿತು. ಬೇರೆ ಬೇರೆ ಶಾಸ್ತ್ರದವರು ಕಟ್ಟಿದ ವಿಷಯವಾದ್ದರಿಂದ ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯ, ಕಾನೂನು ಓದಿದವರೆಲ್ಲ ಇರುತ್ತಾರೆ. ವಿಜ್ಞಾನದವರು ಕಡಿಮೆ, ಅಷ್ಟೇ.

ಲೆಕ್ಕದಲ್ಲಿ ಹೆಂಗಸರು ಹೇಗೆ ಮರೆಯಾಗುತ್ತಾರೆ ಎಂಬುದು ನನ್ನ ತಲೆಗೆ ಹೋಗಿದ್ದು ತರಗತಿಯಲ್ಲಲ್ಲ. ಎರಡನೇ ವರ್ಷದ ಪ್ರಬಂಧಕ್ಕೆ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆ. ಕಟ್ಟೆ ಮೇಲೆ ಒಬ್ಬ ಅಕ್ಕ ಮೊರ ಮುಂದಿಟ್ಟುಕೊಂಡು ಬಿತ್ತನೆಗೆ ಶೇಂಗಾ ಬಿಡಿಸುತ್ತಿದ್ದರು. ‘ಏನ್ ಕೆಲಸ ಮಾಡ್ತೀರಿ ಅಕ್ಕಾ?’ ಅಂದೆ. ‘ಏನಿಲ್ರೀ, ಮನ್ಯಾಗ ಇರ್ತೀನಿ’ ಅಂದರು. ಕೈ ಮಾತ್ರ ನಿಲ್ಲಲಿಲ್ಲ. ನಾನೂ ಬುದ್ಧಿವಂತೆಯ ಹಾಗೆ ‘ಗೃಹಿಣಿ’ ಅಂತ ಬರೆದುಕೊಂಡು ಬಂದೆ. ನನ್ನ ಗೈಡ್ ಆ ಪದಕ್ಕೆ ಕೆಂಪು ಗೆರೆ ಎಳೆದು, ‘ಕೆಲಸ ಕೇಳಬೇಡ, ಹೊತ್ತು ಕೇಳು’ ಎಂದು ವಾಪಸ್ ಕಳಿಸಿದರು.

ಎರಡನೇ ಸಲ ‘ನಸುಕಿನಾಗ ಎದ್ದಾಗಿಂದ ಹೇಳ್ರಿ’ ಅಂದೆ. ಸಗಣಿ ಬಾಚಿದ್ದು, ನೀರು ತಂದಿದ್ದು, ರೊಟ್ಟಿ ಬಡಿದಿದ್ದು, ಎಮ್ಮೆಗೆ ಬದುವಿನ ಹುಲ್ಲು ಕೊಯ್ದಿದ್ದು, ಕುಳ್ಳು ತಟ್ಟಿದ್ದು... ನನ್ನ ಹಾಳೆ ಸಾಲಲಿಲ್ಲ. ಬಿತ್ತನೆ ಬೀಜ ಬಿಡಿಸುವುದು ಸರ್ಕಾರಿ ಲೆಕ್ಕದಲ್ಲೂ ಒಕ್ಕಲುತನದ ಕೆಲಸವೇ. ನಾನು ಬರೆಯದೆ ಬಿಟ್ಟಿದ್ದೆ. ಬರೀ ಅಡುಗೆ, ಕಸ, ಮುಸುರೆ ಆದರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಅದಕ್ಕೆ ಕೋಡ್ 92. ಜೊತೆಗೆ ಮನೆ ಬಳಕೆಗೆ ಸೌದೆ, ಹುಲ್ಲು ತಂದರೆ 93. ಎರಡೂ ದುಡಿಮೆಗಾರರ ಪಟ್ಟಿಯಿಂದ ಹೊರಗೆ. 2019ರ ಸಮಯ ಬಳಕೆ ಸಮೀಕ್ಷೆ ನೋಡಿ: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97. ಬಿ.ಕಾಂನಲ್ಲಿ ಮೂರು ವರ್ಷ ಲೆಕ್ಕಪತ್ರ ಓದಿದ್ದರೂ, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ತೀರ್ಮಾನಿಸುವವರು ಯಾರು ಅಂತ ನನಗೆ ಅನುಮಾನವೇ ಬಂದಿರಲಿಲ್ಲ.

ನಿಮ್ಮ ವಿಷಯದಲ್ಲೂ ಇದಿದೆ. ಎಮಿಲಿ ಮಾರ್ಟಿನ್ ಎಂಬ ಮಾನವಶಾಸ್ತ್ರಜ್ಞೆ ಜೀವಶಾಸ್ತ್ರದ ಪಠ್ಯಗಳನ್ನು ಕೂತು ಓದಿ 1991ರಲ್ಲಿ ಒಂದು ಲೇಖನ ಬರೆದರು. ವೀರ್ಯಾಣು ಯುದ್ಧಕ್ಕೆ ಹೊರಟ ವೀರ, ಅಂಡಾಣು ಅವನಿಗಾಗಿ ಸುಮ್ಮನೆ ಕಾದು ಮಲಗಿದ ಕನ್ಯೆ, ಪಠ್ಯಗಳಲ್ಲಿ ಹೆಚ್ಚೂಕಡಿಮೆ ಹಾಗೆ ಬರೆದಿತ್ತಂತೆ. ವೀರ್ಯಾಣುವಿನ ಬಾಲಕ್ಕೆ ಮುನ್ನುಗ್ಗುವ ಬಲ ಬಹಳ ಕಡಿಮೆ, ಎರಡರ ಮೇಲ್ಮೈಯ ಅಣುಗಳೂ ಸೇರಿಯೇ ಅಂಟಿಕೊಳ್ಳುತ್ತವೆ ಎಂದು ಪ್ರಯೋಗಾಲಯದಲ್ಲಿ ಗೊತ್ತಾದ ಮೇಲೂ ಬರವಣಿಗೆಯ ಧಾಟಿ ಸುಲಭಕ್ಕೆ ಬದಲಾಗಲಿಲ್ಲ. ನಿಮ್ಮ ಹಳೇ ಪುಸ್ತಕದ ಆ ಪುಟ ಒಮ್ಮೆ ತೆಗೆದು ನೋಡಿ.

ಇಂಗ್ಲಿಷ್ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಲಿಂಗತ್ವದ ಕುರಿತು ಬರೆದ ತತ್ವಜ್ಞಾನಿ ಜುಡಿತ್ ಬಟ್ಲರ್‌ರ ಎರಡು ಪುಟ ಓದಿ ಅತ್ತಿದ್ದೇನೆ. ಅಲ್ಲಿಂದ ಶುರು ಮಾಡಬೇಡಿ. ಜಾತಿ ಉಳಿಯಲು ಹೆಣ್ಣಿನ ಮೇಲೆ ಹತೋಟಿ ಯಾಕೆ ಬೇಕಾಯಿತು ಎಂದು ಇತಿಹಾಸಕಾರ್ತಿ ಉಮಾ ಚಕ್ರವರ್ತಿ 1993ರಲ್ಲಿ ಬರೆದ ಲೇಖನದಿಂದ ಶುರು ಮಾಡಿ; ನೀವು ಕಂಡ ಮನೆಗಳೇ ಅದರಲ್ಲಿ ಸಿಗುತ್ತವೆ. ಕನ್ನಡವೂ ಬಂಡವಾಳವೇ. ನಮ್ಮ ಹಾಸ್ಟೆಲಿನಲ್ಲಿ ಶಿರಸಿ ಕಡೆಯ ಹವ್ಯಕರ ಹುಡುಗಿಯೊಬ್ಬಳಿದ್ದಳು. ಅವರ ಮಾತಿನಲ್ಲಿ ಅಕ್ಕ ‘ಬಂದಳು’ ಅಲ್ಲ, ಅಕ್ಕ ‘ಬಂತು’. ಹೆಣ್ಣಿಗೆ ನಪುಂಸಕಲಿಂಗ! ಅದು ಅಸಡ್ಡೆಯೋ ಅಕ್ಕರೆಯೋ ಬರೀ ವ್ಯಾಕರಣವೋ ಎಂದು ಒಂದು ರಾತ್ರಿ ಪೂರ್ತಿ ಜಗಳವಾಡಿದ್ದೆವು. ಇನ್ನೂ ತೀರ್ಮಾನವಾಗಿಲ್ಲ.

ಕೆಲಸದ ಮಾತು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲಿ ಇದೊಂದು ವಿಷಯವಾಗಿದೆ, ಆದರೆ ಪಾಠ ಮಾಡುವ ಹುದ್ದೆಗಳು ಬೆರಳೆಣಿಕೆ. ಅದನ್ನೊಂದೇ ನಂಬಿ ಬರಬೇಡಿ. ಆರೋಗ್ಯ, ಸಮೀಕ್ಷೆ, ಸ್ವಯಂಸೇವಾ ಸಂಸ್ಥೆಗಳ ಕಡೆ ದಾರಿಯಿದೆ, ಸಂಬಳ ಸಾಧಾರಣ. ಪ್ರಾಣಿಶಾಸ್ತ್ರ ಕೈಬಿಡಬೇಡಿ, ಎರಡೂ ಬಲ್ಲವರು ಕಡಿಮೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಕನ್ನಡದಲ್ಲೇ ಸಂಶೋಧನೆ ಬೇಕೆಂದರೆ ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹೊರಗೆ ಹೋಗುವುದಾದರೆ ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ನೋಡಿ. ಶುಲ್ಕ, ಸೀಟು ಆಯಾ ವರ್ಷದ ಪ್ರಕಟಣೆಯಲ್ಲೇ ಪರೀಕ್ಷಿಸಿ.

ಅರ್ಜಿಯ ಜೊತೆ ‘ಯಾಕೆ ಈ ಕೋರ್ಸ್’ ಎಂದು ಒಂದು ಪುಟ ಬರೆಯಲು ಹೇಳಿದರೆ, ‘ಮಹಿಳಾ ಸಬಲೀಕರಣ ನನ್ನ ಕನಸು’ ಎಂದು ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆದಿರುತ್ತಾರೆ. ಆ ಅಂಡಾಣುವಿನ ಪುಟದಲ್ಲಿ ನಿಮ್ಮ ಪುಸ್ತಕ ಏನು ಹೇಳಿತ್ತು, ಅದನ್ನು ಬರೆಯಿರಿ.