ಮೈಗ್ರೇನ್‌ಗೆ ಬರೆದುಕೊಟ್ಟ ಪ್ರೊಪ್ರನೊಲಾಲ್ ಮಾತ್ರೆ ತಲೆನೋವು ಬಂದ ದಿನ ಮಾತ್ರ ನುಂಗಿದರೆ ಸಾಕಾ?

ಸಾಲದು. ಅದು ನೋವು ಬರದಂತೆ ತಡೆಯುವ ಮಾತ್ರೆ, ದಿನಾ ನುಂಗಬೇಕು. ಗುಣ ಕಾಣಲು ಕೆಲವು ವಾರ ಬೇಕು. ಮಂಡ್ಯದ ಬಿಸಿಲಲ್ಲಿ ಓಡಾಡುವ ನಾನು ಹತ್ತೇ ದಿನಕ್ಕೆ ಬೇಸತ್ತು ಬಿಡೋಣ ಅಂದುಕೊಂಡಿದ್ದೆ. ಹಾಗೆ ಸುಮ್ನೆ ನಿಲ್ಲಿಸಬಾರದು. ಬಿಪಿ, ಎದೆಬಡಿತ ಏರಬಹುದು, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಆಸ್ತಮಾ ಇದ್ದರೆ ಮೊದಲೇ ಹೇಳಿ, ಇದು ಆಗಿಬರುವುದಿಲ್ಲ.

ನೋವು ಶುರುವಾದ ಕೂಡಲೇ ನುಂಗಲು ಸುಮಾಟ್ರಿಪ್ಟಾನ್‌ನಂಥದ್ದು ಬೇರೆ ಇದೆ. ಹೃದಯದ ಕಾಯಿಲೆ ಇದ್ದವರಿಗೆ ಅದು ಬೇಡ. ತಿಂಗಳಿಗೆ 10 ದಿನ ಅಥವಾ ಜಾಸ್ತಿ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹತ್ತಿಕೊಳ್ಳುತ್ತದೆ, ವಿಚಿತ್ರ ಅಲ್ವಾ? ಅದಕ್ಕೇ ನಾನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಮಾತ್ರೆ ನುಂಗಿದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ.